ನೆನಪಿಲ್ಲದ ಪರದೆ

ಕಂಪ್ಯೂಟರ್‌ನಲ್ಲಿ ಒಮ್ಮೆಯಾದರೂ ಚಿತ್ರ ಬಿಡಿಸಿದವರಿಗೆಲ್ಲ ಒಂದು ವ್ಯತ್ಯಾಸ ಗೊತ್ತಿರುತ್ತದೆ, ಅದರ ಕಾರಣ ಮಾತ್ರ ಗೊತ್ತಿರುವುದಿಲ್ಲ. ಪೇಂಟ್‌ನ ಹಾಳೆಯಲ್ಲಿ ಒಂದು ಕೆಂಪು ವೃತ್ತ ಬರೆಯಿರಿ. ಅದನ್ನು ಅರ್ಧ ಮುಚ್ಚುವಂತೆ ಒಂದು ನೀಲಿ ಚೌಕ ಬರೆಯಿರಿ. ಈಗ ವೃತ್ತವನ್ನಷ್ಟೇ ಹಿಡಿದು ಪಕ್ಕಕ್ಕೆ ಸರಿಸಲು ಹೋದರೆ ಆಗುವುದಿಲ್ಲ. ಆ ಭಾಗವನ್ನು ಆಯ್ದು ಎಳೆದರೆ ಚೌಕದ ತುಂಡೂ ಜೊತೆಗೆ ಕಿತ್ತುಕೊಂಡು ಬರುತ್ತದೆ, ಇದ್ದ ಜಾಗದಲ್ಲಿ ಬಿಳಿ ತೂತು ಉಳಿಯುತ್ತದೆ. ಅದೇ ಎರಡು ಆಕೃತಿಗಳನ್ನು ಕೋರೆಲ್ ಡ್ರಾದಲ್ಲಿ ಬರೆದರೆ ಈ ತೊಂದರೆಯೇ ಇಲ್ಲ. ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಮಾಡಿಸುವಾಗ ಗಮನಿಸಿರಬಹುದು: ಗಣಪತಿಯ ಚಿತ್ರ ಸ್ವಲ್ಪ ಮೇಲಿರಲಿ ಎಂದರೆ ಅಂಗಡಿಯವರು ಒಂದೇ ಕ್ಲಿಕ್ಕಿನಲ್ಲಿ ಅದನ್ನು ಹಿಡಿದು ಸರಿಸುತ್ತಾರೆ. ಅದರ ಹಿಂದೆ ಮುಚ್ಚಿಹೋಗಿದ್ದ ಬಳ್ಳಿಯ ಅಂಚು ಏನೂ ಆಗದಂತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಎರಡೂ ಕಡೆ ಪರದೆಯ ಮೇಲಿರುವುದು ಅದೇ ಕೆಂಪು, ಅದೇ ನೀಲಿ. ಭೂತಗನ್ನಡಿ ಹಿಡಿದು ನೋಡಿದರೂ ಒಂದೇ ಬಗೆಯ ಚುಕ್ಕಿಗಳು. ಹಾಗಿದ್ದರೆ ಕೋರೆಲ್‌ಗೆ ಗೊತ್ತಿದ್ದು ಪೇಂಟ್‌ಗೆ ಗೊತ್ತಿಲ್ಲದ ಸಂಗತಿ ಯಾವುದು, ಅದು ಎಲ್ಲಿ ಕೂತಿದೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ ಗ್ರಾಫಿಕ್ಸ್ ಪ್ರೋಗ್ರಾಮಿಂಗ್‌ನ ತಿರುಳು ಸಿಗುತ್ತದೆ. ಜೊತೆಗೆ, ಎಷ್ಟೋ ವಿದ್ಯಾರ್ಥಿಗಳು ವ್ಯಾಖ್ಯೆಗಳನ್ನು ಉರುಹೊಡೆದು ಪಾಸಾಗಿಬಿಡುವ ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್ ಏತಕ್ಕಾಗಿ ಹುಟ್ಟಿತು ಎಂಬುದೂ ತಿಳಿಯುತ್ತದೆ. ಇವೆರಡನ್ನೂ ಒಟ್ಟಿಗೇ ಕಲಿಯಬೇಕು, ಬೇರೆ ಬೇರೆ ಮಾಡಿ ಕಲಿತರೆ ಎರಡೂ ಅರೆಬರೆಯಾಗುತ್ತವೆ ಎಂಬುದು ಈ ಅಧ್ಯಾಯದ ವಾದ.

ಇಪ್ಪತ್ತು ಲಕ್ಷ ಚುಕ್ಕಿಗಳು

ಇವತ್ತಿನ ಸಾಮಾನ್ಯ ಮಾನಿಟರ್‌ನಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುತ್ತವೆ. ಇವೇ ಪಿಕ್ಸೆಲ್‌ಗಳು. ಗುಣಿಸಿದರೆ 20,73,600. ಪ್ರತಿ ಚುಕ್ಕಿಗೂ ಮೂರು ಸಂಖ್ಯೆಗಳು: ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು. ಒಂದೊಂದೂ 0ಯಿಂದ 255ರೊಳಗಿನ ಸಂಖ್ಯೆ. ಈ ಸಂಖ್ಯೆಗಳ ದೊಡ್ಡ ಕೋಷ್ಟಕವೊಂದು ಕಂಪ್ಯೂಟರ್‌ನ ಸ್ಮೃತಿಯಲ್ಲಿರುತ್ತದೆ, ಪರದೆ ಅದನ್ನು ಸೆಕೆಂಡಿಗೆ ಸಾಮಾನ್ಯವಾಗಿ 60 ಸಲ ಓದಿ ಹಾಗೆಯೇ ತೋರಿಸುತ್ತದೆ. ಅದಕ್ಕಿಂತ ಹೆಚ್ಚಿನ ತಿಳಿವಳಿಕೆ ಪರದೆಗಿಲ್ಲ. ನೂರು ಚುಕ್ಕಿ ತ್ರಿಜ್ಯದ ಕೆಂಪು ವೃತ್ತ ಬರೆದಾಗ ಆಗುವುದು ಇಷ್ಟೇ: ಸುಮಾರು 31,400 ಚುಕ್ಕಿಗಳ ಸಂಖ್ಯೆಗಳು ಬದಲಾಗಿ ಕೆಂಪಾಗುತ್ತವೆ. ಅವೆಲ್ಲ ಸೇರಿ ಒಂದು ವೃತ್ತ ಎಂದು ಅಂದುಕೊಳ್ಳುವುದು ನೋಡುವ ನಮ್ಮ ಕಣ್ಣು ಮತ್ತು ಮಿದುಳು. ಮೇಲೆ ನೀಲಿ ಚೌಕ ಬಂದಾಗ ಮುಚ್ಚಿಹೋದ ಚುಕ್ಕಿಗಳಲ್ಲಿದ್ದ ಕೆಂಪಿನ ಸಂಖ್ಯೆಗಳು ಅಳಿಸಿ ನೀಲಿಯ ಸಂಖ್ಯೆಗಳು ಬಂದು ಕೂರುತ್ತವೆ. ಕೆಂಪು ಅಡಿಯಲ್ಲಿ ಅವಿತುಕೊಂಡಿಲ್ಲ, ಅದು ಇಲ್ಲವೇ ಇಲ್ಲ. ಪರದೆಗೆ ಬಣ್ಣ ಗೊತ್ತು, ಆಕೃತಿಯ ನೆನಪಿಲ್ಲ.

ಅಂಗಳದ ರಂಗೋಲಿಗೂ ತೊಗಲುಗೊಂಬೆಗೂ ಇರುವ ವ್ಯತ್ಯಾಸ ಇದೇ. ರಂಗೋಲಿಯಲ್ಲಿ ಹೂವೊಂದನ್ನು ಬಿಡಿಸಿ ಅದರ ಮೇಲೆ ಹಕ್ಕಿ ಬಿಡಿಸಿದ ಮೇಲೆ ಹೂವನ್ನು ಎತ್ತಿ ಆಚೆ ಇಡಲು ಬರುವುದಿಲ್ಲ. ಎರಡೂ ಸೇರಿ ನೆಲದ ಮೇಲಿನ ಒಂದೇ ಪುಡಿಯಾಗಿರುತ್ತವೆ. ತೊಗಲುಗೊಂಬೆಯಾಟದಲ್ಲಿ ರಾಮನೂ ರಾವಣನೂ ಪರದೆಯ ಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಹೋರಾಡುವಂತೆ ಕಂಡರೂ ಪರದೆಯ ಹಿಂದೆ ಅವು ಬೇರೆ ಬೇರೆ ಗೊಂಬೆಗಳು. ಒಂದನ್ನು ತೆಗೆದರೆ ಇನ್ನೊಂದು ಪೂರ್ತಿಯಾಗಿ ಕಾಣುತ್ತದೆ, ಕೈ ಮಾತ್ರ ಆಡಿಸಿದರೆ ಕೈ ಮಾತ್ರ ಆಡುತ್ತದೆ. ಪೇಂಟ್ ಬರೆಯುವುದು ರಂಗೋಲಿಯನ್ನು. ಕೋರೆಲ್ ಆಡಿಸುವುದು ಗೊಂಬೆಗಳನ್ನು.

ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಕಲಿಯತೊಡಗಿದವರು ಪರದೆಯ ಈ ಮರೆವನ್ನು ಮೊದಲ ದಿನವೇ ಎದುರಿಸುತ್ತಾರೆ. ಚೆಂಡೊಂದು ಎಡದಿಂದ ಬಲಕ್ಕೆ ಉರುಳುವಂತೆ ಮಾಡಬೇಕು ಎಂದುಕೊಳ್ಳಿ. ಪ್ರತಿ ಸುತ್ತಿನಲ್ಲೂ ಚೆಂಡಿನ ಸ್ಥಾನಕ್ಕೆ ಎರಡು ಕೂಡಿಸು, ಅಲ್ಲಿ ವೃತ್ತ ಬರೆ ಎಂದು ಬರೆದು ಓಡಿಸಿದರೆ ಉರುಳುವ ಚೆಂಡು ಸಿಗುವುದಿಲ್ಲ. ಬಲಕ್ಕೆ ಉದ್ದವಾಗುತ್ತ ಹೋಗುವ ದಪ್ಪ ಕೆಂಪು ಪಟ್ಟಿ ಸಿಗುತ್ತದೆ. ಹಳೆಯ ವೃತ್ತಗಳನ್ನು ಯಾರೂ ಅಳಿಸಿಲ್ಲ. ಪ್ರತಿ ಸುತ್ತಿನ ಆರಂಭದಲ್ಲಿ ಇಡೀ ಪರದೆಯನ್ನು ಬಿಳಿ ಬಳಿದು ಆಮೇಲೆ ವೃತ್ತ ಬರೆದಾಗಲೇ ಚೆಂಡು ಓಡಿದಂತೆ ಕಾಣುತ್ತದೆ. ಪರದೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಎಲ್ಲವನ್ನೂ ಅಳಿಸಿ, ಎಲ್ಲವನ್ನೂ ಮತ್ತೆ ಬರೆಯುವ ಕೆಲಸ ಸೆಕೆಂಡಿಗೆ 60 ಸಲ ನಡೆಯುತ್ತಿರುತ್ತದೆ. ಒಂದು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ ಸಾವಿರದಲ್ಲಿ ಸುಮಾರು 17 ಪಾಲು. ಗೇಮ್ ಆಗಲಿ, ಮೊಬೈಲ್‌ನ ಮ್ಯಾಪ್ ಆಗಲಿ, ಬೆರಳಿಗೆ ಸರಿಯುವ ಫೋಟೊಗಳ ಸಾಲಾಗಲಿ, ಎಲ್ಲದರ ಅಡಿಯಲ್ಲೂ ಇರುವುದು ಅಳಿಸಿ ಬರೆಯುವ ಈ ಚಕ್ರ.

ವೃತ್ತ ಎಂದರೆ ನಾಲ್ಕು ಸಂಗತಿ

ಎಲ್ಲವನ್ನೂ ಮತ್ತೆ ಬರೆಯಬೇಕಾದರೆ ಏನು ಬರೆಯಬೇಕೆಂಬುದು ಎಲ್ಲಾದರೂ ನೆನಪಿರಬೇಕು. ಪರದೆಗೆ ಅದು ಸಾಧ್ಯವಿಲ್ಲದ ಕಾರಣ ಆ ಹೊಣೆ ಪ್ರೋಗ್ರಾಮಿನ ಮೇಲೆ ಬೀಳುತ್ತದೆ. ಜಾವಾದಲ್ಲಿ ಚಿತ್ರ ಬರೆಯಲು ಹೊರಟವರು ಸಾಮಾನ್ಯವಾಗಿ ಎಡವುವ ಜಾಗ ಇದು. ಬಟನ್ ಒತ್ತಿದಾಗ ಒಂದು ವೃತ್ತ ಬರೆ ಎಂದು ನೇರವಾಗಿ ಬರೆದಿರುತ್ತಾರೆ, ವೃತ್ತ ಮೂಡುತ್ತದೆ. ವಿಂಡೋವನ್ನು ಒಮ್ಮೆ ಹಿಗ್ಗಿಸಿದರೆ ಅಥವಾ ಕುಗ್ಗಿಸಿದರೆ ವೃತ್ತ ಮಾಯ. ಗಾತ್ರ ಬದಲಾದ ಕೂಡಲೇ ವ್ಯವಸ್ಥೆಯು ವಿಂಡೋಗೆ ‘ನಿನ್ನನ್ನು ಮತ್ತೆ ಬರೆದುಕೋ’ ಎಂದು ಹೇಳುತ್ತದೆ, ವಿಂಡೋ ಬಳಿ ಬರೆಯುವಂಥದ್ದು ಏನೂ ಇರುವುದಿಲ್ಲ. ಬರೆದದ್ದು ಎಲ್ಲಿಗೆ ಹೋಯಿತು ಎಂದು ತಲೆ ಕೆಡಿಸಿಕೊಂಡು ಕೂತ ಆ ಹೊತ್ತು ಕಲಿಕೆಯ ಬಹಳ ಬೆಲೆಬಾಳುವ ಹೊತ್ತು. ಶಿಕ್ಷಕರು ಅವಸರಪಟ್ಟು ಉತ್ತರ ಹೇಳಿಬಿಡಬಾರದು.

ಉತ್ತರ ಸರಳ. ವೃತ್ತವನ್ನು 31,400 ಚುಕ್ಕಿಗಳಾಗಿ ನೆನಪಿಡುವ ಅಗತ್ಯವಿಲ್ಲ. ಕೇಂದ್ರ ಅಡ್ಡಕ್ಕೆ ಎಲ್ಲಿದೆ, ಉದ್ದಕ್ಕೆ ಎಲ್ಲಿದೆ, ತ್ರಿಜ್ಯ ಎಷ್ಟು, ಬಣ್ಣ ಯಾವುದು, ಈ ನಾಲ್ಕು ಸಂಗತಿ ಸಾಕು. ಇವನ್ನು ಒಂದು ಕಟ್ಟಾಗಿ ಕಟ್ಟಿ, ಆ ಕಟ್ಟಿನ ಜೊತೆಗೇ ಅದು ಮಾಡಬಲ್ಲ ಕೆಲಸಗಳನ್ನೂ ಇಡೋಣ. ಒಂದು, ತನ್ನನ್ನು ತಾನು ಪರದೆಯ ಮೇಲೆ ಬರೆದುಕೊಳ್ಳುವುದು. ಎರಡು, ‘ಪಕ್ಕಕ್ಕೆ ಸರಿ’ ಎಂದಾಗ ತನ್ನ ಸ್ಥಾನದ ಸಂಖ್ಯೆಗಳನ್ನು ಬದಲಿಸಿಕೊಳ್ಳುವುದು. ಮೂರು, ಒಂದು ಬಿಂದುವನ್ನು ತೋರಿಸಿ ‘ಇದು ನಿನ್ನೊಳಗಿದೆಯೇ’ ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನುವುದು. ಹೀಗೆ ತನ್ನ ಮಾಹಿತಿಯನ್ನೂ ತನ್ನ ಕೆಲಸಗಳನ್ನೂ ಒಟ್ಟಿಗೆ ಹೊತ್ತಿರುವ ಕಟ್ಟಿಗೆ ಆಬ್ಜೆಕ್ಟ್ ಅಥವಾ ವಸ್ತು ಎನ್ನುತ್ತಾರೆ. ವೃತ್ತ ಎಂದರೆ ಯಾವ ಮಾಹಿತಿ, ಯಾವ ಕೆಲಸ ಎಂದು ಒಂದೇ ಸಲ ಬರೆದಿಡುವ ವಿವರಣೆಯೇ ಕ್ಲಾಸ್ ಅಥವಾ ವರ್ಗ. ವರ್ಗ ಒಂದು, ಅದರಿಂದ ಹುಟ್ಟುವ ವೃತ್ತಗಳು ಎಷ್ಟಾದರೂ ಆಗಬಹುದು. ಪ್ರತಿಯೊಂದಕ್ಕೂ ತನ್ನದೇ ಸ್ಥಾನ, ತನ್ನದೇ ಬಣ್ಣ.

ಈಗ ಕೋರೆಲ್‌ನ ಕ್ಲಿಕ್ಕಿಗೆ ಮರಳೋಣ, ಹತ್ತಿರದಿಂದ ನೋಡೋಣ. ಪ್ರೋಗ್ರಾಮಿನ ಬಳಿ ಎಲ್ಲ ವಸ್ತುಗಳ ಒಂದು ಪಟ್ಟಿ ಇರುತ್ತದೆ, ಮೊದಲು ಬರೆದದ್ದು ಮೊದಲು, ಆಮೇಲೆ ಬರೆದದ್ದು ಆಮೇಲೆ. ನಮ್ಮ ಪಟ್ಟಿಯಲ್ಲಿ ಮೊದಲು ಕೆಂಪು ವೃತ್ತ, ನಂತರ ನೀಲಿ ಚೌಕ. ಬರೆಯುವಾಗ ಪಟ್ಟಿಯ ತಲೆಯಿಂದ ಹೊರಟು ಒಂದೊಂದಕ್ಕೂ ‘ಬರೆದುಕೋ’ ಎನ್ನಬೇಕು. ಕೊನೆಗೆ ಬರೆದ ಚೌಕ ಮೇಲೆ ಕಾಣುತ್ತದೆ. ವೃತ್ತದ ಕಾಣುವ ಭಾಗದ ಮೇಲೆ ಮೌಸ್ ಒತ್ತಿದಾಗ ಅದೇ ಪಟ್ಟಿಯನ್ನು ಬಾಲದಿಂದ ಓದಬೇಕು, ಏಕೆಂದರೆ ಮೇಲೆ ಕಾಣುವುದಕ್ಕೇ ಮೊದಲ ಹಕ್ಕು. ಚೌಕವನ್ನು ‘ಈ ಬಿಂದು ನಿನ್ನೊಳಗಿದೆಯೇ’ ಎಂದು ಕೇಳಿದರೆ ಅದು ತನ್ನ ನಾಲ್ಕು ಅಂಚುಗಳನ್ನು ನೋಡಿ ಇಲ್ಲ ಎನ್ನುತ್ತದೆ. ಮುಂದೆ ವೃತ್ತವನ್ನು ಕೇಳಿದರೆ ಅದು ಬಿಂದುವಿಗೂ ತನ್ನ ಕೇಂದ್ರಕ್ಕೂ ಇರುವ ದೂರ ಅಳೆದು, ತ್ರಿಜ್ಯಕ್ಕಿಂತ ಕಡಿಮೆ ಇರುವುದರಿಂದ ಹೌದು ಎನ್ನುತ್ತದೆ. ಸಿಕ್ಕಿತು. ಮೌಸ್ ಎಳೆದಂತೆಲ್ಲ ಆ ವೃತ್ತದ ಸ್ಥಾನದ ಎರಡು ಸಂಖ್ಯೆಗಳು ಮಾತ್ರ ಬದಲಾಗುತ್ತವೆ. ಮುಂದಿನ ಸುತ್ತಿನಲ್ಲಿ ಪರದೆ ಬಿಳಿಯಾಗುತ್ತದೆ, ವೃತ್ತ ಹೊಸ ಜಾಗದಲ್ಲಿ ಬರೆದುಕೊಳ್ಳುತ್ತದೆ, ಚೌಕ ಹಳೆಯ ಜಾಗದಲ್ಲೇ ಬರೆದುಕೊಳ್ಳುತ್ತದೆ. ಮುಚ್ಚಿದ್ದು ತೆರೆದುಕೊಂಡಿತು ಎಂದು ನಮಗೆ ಅನಿಸುತ್ತದೆ. ನಿಜಕ್ಕೂ ತೆರೆದುಕೊಂಡದ್ದೇನೂ ಇಲ್ಲ, ಎಲ್ಲವೂ ಹೊಸದಾಗಿ ಬರೆದದ್ದು.

ಹುಟ್ಟಿದ್ದೇ ಚಿತ್ರದ ಜೊತೆ

ವಸ್ತುಗಳ ಈ ಕಲ್ಪನೆ ಮೊದಲು ಎಲ್ಲೋ ಗಣಿತದಲ್ಲಿ ಹುಟ್ಟಿ ಆಮೇಲೆ ಚಿತ್ರಕ್ಕೆ ಅನ್ವಯವಾಯಿತು ಎಂದು ಪಠ್ಯಪುಸ್ತಕಗಳನ್ನು ಓದಿದರೆ ಅನಿಸುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್ಲೆಂಡ್ ಎಂಬ ಸಂಶೋಧನಾ ವಿದ್ಯಾರ್ಥಿ ತಮ್ಮ ಪಿಎಚ್‌ಡಿ ಪ್ರಬಂಧ ಮಂಡಿಸಿದರು. ಅದರ ವಿಷಯ ಸ್ಕೆಚ್‌ಪ್ಯಾಡ್ ಎಂಬ ಪ್ರೋಗ್ರಾಮು. ಲಿಂಕನ್ ಪ್ರಯೋಗಾಲಯದ ಟಿಎಕ್ಸ್-2 ಕಂಪ್ಯೂಟರಿನ ಮುಂದೆ ಕೂತು, ಬೆಳಕಿನ ಪೆನ್ನಿನಿಂದ ಪರದೆಯ ಮೇಲೆ ನೇರವಾಗಿ ರೇಖೆ ಎಳೆಯಬಹುದಿತ್ತು. ಆರು ಬದಿಯ ಅಡ್ಡಾದಿಡ್ಡಿ ಆಕೃತಿಯೊಂದನ್ನು ಎಳೆದು, ಇದರ ಮೂಲೆಗಳು ವೃತ್ತದ ಮೇಲಿರಲಿ, ಬದಿಗಳೆಲ್ಲ ಸಮವಾಗಿರಲಿ ಎಂದರೆ ಅದು ತಾನಾಗಿ ಸರಿಯಾದ ಷಟ್ಕೋನವಾಗುತ್ತಿತ್ತು. ಪರದೆಯ ಮೇಲೆ ಕಂಡ ರೇಖೆ ಬರಿಯ ಬೆಳಕಾಗಿರದೆ ಕಂಪ್ಯೂಟರಿಗೆ ತಿಳಿದಿದ್ದ ಒಂದು ವಸ್ತುವಾಗಿದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿತ್ತು. ಒಂದು ಮೂಲಚಿತ್ರ ಬರೆದು ಅದರ ಹಲವು ಪ್ರತಿಗಳನ್ನು ಹಾಳೆಯ ತುಂಬ ಹರಡಬಹುದಿತ್ತು, ಮೂಲಚಿತ್ರ ತಿದ್ದಿದರೆ ಪ್ರತಿಗಳೆಲ್ಲ ಒಮ್ಮೆಗೇ ಬದಲಾಗುತ್ತಿದ್ದವು. ಇಂದಿನ ವರ್ಗ ಮತ್ತು ವಸ್ತುವಿನ ಸಂಬಂಧದ ಮೊದಲ ಕುರುಹು ಅಲ್ಲಿದೆ.

ಹೆಚ್ಚೂಕಡಿಮೆ ಅದೇ ಕಾಲಕ್ಕೆ ನಾರ್ವೆಯ ಓಸ್ಲೊದಲ್ಲಿ ಓಲೆ-ಯೋಹಾನ್ ಡಾಲ್ ಮತ್ತು ಕ್ರಿಸ್ಟೆನ್ ನ್ಯೂಗೋರ್ ಬೇರೊಂದು ದಾರಿಯಿಂದ ಅಲ್ಲಿಗೇ ಬರುತ್ತಿದ್ದರು. ಲೋಕದಲ್ಲಿ ನಡೆಯುವ ವ್ಯವಹಾರಗಳನ್ನು ಕಂಪ್ಯೂಟರಿನೊಳಗೆ ಅನುಕರಿಸಿ ನೋಡುವುದು ಅವರ ಉದ್ದೇಶ. ಅವರ ಸಿಮ್ಯುಲಾ 67 ಭಾಷೆಯಲ್ಲಿ ವರ್ಗ, ವಸ್ತು, ಒಂದು ವರ್ಗದಿಂದ ಇನ್ನೊಂದಕ್ಕೆ ಬರುವ ಬಳುವಳಿ ಎಲ್ಲವೂ ಇಂದು ನಾವು ಬಳಸುವ ರೂಪದಲ್ಲೇ ಕಾಣಿಸಿಕೊಂಡವು. 1966ರಲ್ಲಿ ಯೂಟಾ ವಿಶ್ವವಿದ್ಯಾಲಯಕ್ಕೆ ಸೇರಿದ ಅಲನ್ ಕೇ ಅವರ ಕೈಗೆ ಸದರ್ಲೆಂಡ್ ಅವರ ಪ್ರಬಂಧವೂ ನಾರ್ವೆಯ ಸಿಮ್ಯುಲಾ ಭಾಷೆಯೂ ಒಟ್ಟಿಗೇ ಎಂಬಂತೆ ಸಿಕ್ಕವು. ಜೀವಶಾಸ್ತ್ರ ಓದಿದ್ದ ಅವರಿಗೆ ಎರಡರಲ್ಲೂ ಒಂದೇ ಸಂಗತಿ ಕಂಡಿತು. ಮುಂದೆ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಡ್ಯಾನ್ ಇಂಗಲ್ಸ್, ಅಡೆಲ್ ಗೋಲ್ಡ್‌ಬರ್ಗ್ ಮೊದಲಾದವರ ಜೊತೆ ಅವರು ಕಟ್ಟಿದ ಸ್ಮಾಲ್‌ಟಾಕ್ ಭಾಷೆಯಿಂದಲೇ ಆಬ್ಜೆಕ್ಟ್ ಓರಿಯೆಂಟೆಡ್ ಎಂಬ ಹೆಸರೂ ಪದ್ಧತಿಯೂ ಲೋಕಕ್ಕೆ ಹರಡಿದವು.

ಸ್ಮಾಲ್‌ಟಾಕ್‌ನ ಮೊದಲ ಬಳಕೆದಾರರಲ್ಲಿ ಶಾಲಾ ಮಕ್ಕಳಿದ್ದರು ಎಂಬುದನ್ನು ನಮ್ಮ ಕಾಲೇಜುಗಳಲ್ಲಿ ಯಾರೂ ಹೇಳುವುದಿಲ್ಲ, ಹೇಳಬೇಕು. ಗೋಲ್ಡ್‌ಬರ್ಗ್ ಅವರು ಮಕ್ಕಳಿಗೆ ಮೊದಲು ಕೊಟ್ಟ ವಸ್ತು ಒಂದು ಪೆಟ್ಟಿಗೆ, ಹೆಸರು ಜೋ. ಜೋ ತಿರುಗು ಎಂದರೆ ತಿರುಗುತ್ತಿತ್ತು, ಜೋ ಬೆಳೆ ಎಂದರೆ ದೊಡ್ಡದಾಗುತ್ತಿತ್ತು. ಇನ್ನೊಂದು ಪೆಟ್ಟಿಗೆ ಹುಟ್ಟಿಸಿ ಬೇರೆ ಹೆಸರಿಟ್ಟರೆ ಅದು ಜೋಗೆ ಹೇಳಿದ್ದಕ್ಕೆ ತಲೆಯಾಡಿಸುತ್ತಿರಲಿಲ್ಲ, ತನಗೆ ಹೇಳಿದಾಗ ಮಾತ್ರ ತಿರುಗುತ್ತಿತ್ತು. ಹೀಗೆ ಕಲಿತ ಮಕ್ಕಳಲ್ಲಿ 12 ವರ್ಷದ ಹುಡುಗಿಯೊಬ್ಬಳು ಚುಕ್ಕಿಗಳಲ್ಲಿ ಬಣ್ಣ ತುಂಬುವ ಪೇಂಟಿಂಗ್ ಪ್ರೋಗ್ರಾಮನ್ನು ತಾನೇ ಬರೆದಳು. ಅದೇ ವಯಸ್ಸಿನ ಇನ್ನೊಬ್ಬ ಹುಡುಗಿ ಆಕೃತಿಗಳನ್ನು ವಸ್ತುಗಳಾಗಿ ಹಿಡಿದಾಡಿಸುವ ಚಿತ್ರರಚನೆಯ ಪ್ರೋಗ್ರಾಮು ಬರೆದಳು. ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಯ ಎರಡೂ ಬದಿಗಳು ಒಂದೇ ಕೋಣೆಯಲ್ಲಿ, ಇಬ್ಬರು ಮಕ್ಕಳ ಕೈಯಲ್ಲಿ ರೂಪ ಪಡೆದಿದ್ದವು. ಮೈಕ್ರೋಸಾಫ್ಟ್‌ನ ಪೇಂಟ್ ಬಂದದ್ದು 1985ರಲ್ಲಿ, ಕೋರೆಲ್ ಡ್ರಾ ಬಂದದ್ದು 1989ರಲ್ಲಿ. ಮಕ್ಕಳು ಅದಕ್ಕೂ ಸುಮಾರು ಹತ್ತು ವರ್ಷ ಮೊದಲೇ ಅಲ್ಲಿದ್ದರು. ಕಲ್ಪನೆ ಕಷ್ಟದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ. ಚಿತ್ರವಿಲ್ಲದೆ ಕಲಿಸಿದಾಗ ಮಾತ್ರ ಅದು ಕಷ್ಟವಾಗುತ್ತದೆ.

ತ್ರಿಕೋನ ಬಂದಾಗ

ವಸ್ತುಗಳಿಲ್ಲದೆಯೂ ಆಕೃತಿಗಳನ್ನು ನೆನಪಿಡಬಹುದಲ್ಲ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಸಿ ಭಾಷೆಯಲ್ಲಿ ಒಂದು ಕೋಷ್ಟಕ ಮಾಡಿ, ಪ್ರತಿ ಸಾಲಿನಲ್ಲೂ ಇದು ವೃತ್ತವೋ ಚೌಕವೋ ಎಂಬ ಗುರುತು, ಅದರ ಸ್ಥಾನ, ಅಳತೆ, ಬಣ್ಣ ಬರೆದಿಟ್ಟರೆ ನೆನಪಿನ ಕೆಲಸ ಮುಗಿಯಿತು. ಬರೆಯುವ ಹೊತ್ತಿಗೆ ಗುರುತು ನೋಡಿ, ವೃತ್ತವಾದರೆ ಹೀಗೆ ಬರೆ, ಚೌಕವಾದರೆ ಹಾಗೆ ಬರೆ ಎಂದರಾಯಿತು. ಎರಡು ಆಕೃತಿಗಳಿರುವಾಗ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ, ಸಣ್ಣ ಪ್ರೋಗ್ರಾಮಿಗೆ ಇದೇ ಮೇಲು ಎಂದರೂ ನಾನು ಒಪ್ಪುತ್ತೇನೆ. ತೊಡಕು ಶುರುವಾಗುವುದು ಮೂರನೆಯದಾಗಿ ತ್ರಿಕೋನ ಬಂದಾಗ. ‘ವೃತ್ತವಾದರೆ, ಚೌಕವಾದರೆ’ ಎಂಬ ಸರಪಳಿ ಬರೆಯುವ ಕಡೆ ಮಾತ್ರ ಇಲ್ಲ. ಕ್ಲಿಕ್ ಪರೀಕ್ಷಿಸುವ ಕಡೆ ಇದೆ, ಸರಿಸುವ ಕಡೆ ಇದೆ, ಫೈಲಿಗೆ ಉಳಿಸುವ ಕಡೆ ಇದೆ. ಎಲ್ಲ ಕಡೆಗೂ ಹೋಗಿ ‘ತ್ರಿಕೋನವಾದರೆ’ ಸೇರಿಸಬೇಕು. ಒಂದು ಕಡೆ ಮರೆತರೂ ಸಾಕು, ತ್ರಿಕೋನ ಕಾಣುತ್ತದೆ ಆದರೆ ಕ್ಲಿಕ್ಕಿಗೆ ಸಿಗುವುದಿಲ್ಲ, ಅಥವಾ ಸಿಗುತ್ತದೆ ಆದರೆ ಉಳಿಸಿದ ಫೈಲನ್ನು ನಾಳೆ ತೆರೆದಾಗ ಇರುವುದಿಲ್ಲ.

ವಸ್ತುಗಳ ಪದ್ಧತಿಯಲ್ಲಿ ಆ ಸರಪಳಿಯೇ ಇಲ್ಲ. ಪಟ್ಟಿಯನ್ನು ಓದುವ ಮುಖ್ಯ ಪ್ರೋಗ್ರಾಮಿಗೆ ಯಾರು ವೃತ್ತ ಯಾರು ಚೌಕ ಎಂಬುದು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಅದು ಎಲ್ಲರಿಗೂ ‘ಬರೆದುಕೋ’ ಎಂದು ಒಂದೇ ಕರೆ ಕೊಡುತ್ತದೆ, ಒಬ್ಬೊಬ್ಬರು ತಮಗೆ ತಿಳಿದ ರೀತಿಯಲ್ಲಿ ಬರೆದುಕೊಳ್ಳುತ್ತಾರೆ. ತ್ರಿಕೋನ ಬಂದರೆ ತ್ರಿಕೋನದ ವರ್ಗವೊಂದನ್ನು ಹೊಸದಾಗಿ ಬರೆದು, ಇಂಥ ಕರೆಗಳಿಗೆಲ್ಲ ಉತ್ತರ ಕೊಡುವುದನ್ನು ಅದಕ್ಕೆ ಕಲಿಸಿದರೆ ಮುಗಿಯಿತು. ಓಡುತ್ತಿದ್ದ ಹಳೆಯ ಸಾಲುಗಳಲ್ಲಿ ಒಂದನ್ನೂ ಮುಟ್ಟಬೇಕಿಲ್ಲ. ಪರೀಕ್ಷೆಯ ಪ್ರಶ್ನೆಪತ್ರಿಕೆಗಳಲ್ಲಿ ಪಾಲಿಮಾರ್ಫಿಸಂ ಎಂದು ಕೇಳುವುದು ಇದನ್ನೇ. ‘ಒಂದೇ ಕರೆ, ಹಲವು ಉತ್ತರ’ ಎಂದು ನೆನಪಿಟ್ಟರೆ ಸಾಕು. ಹಾಗೆಂದು ಈ ಲಾಭ ಬಿಟ್ಟಿಯದಲ್ಲ. ಹೊಸ ಆಕೃತಿ ಸೇರಿಸುವುದು ಸುಲಭವಾದಷ್ಟೇ ಹೊಸ ಕೆಲಸ ಸೇರಿಸುವುದು ಕಷ್ಟವಾಗುತ್ತದೆ. ಪ್ರತಿ ಆಕೃತಿಯೂ ತನ್ನ ನೆರಳನ್ನೂ ಬರೆದುಕೊಳ್ಳಬೇಕು ಎಂದು ನಾಳೆ ತೀರ್ಮಾನಿಸಿದರೆ ಎಲ್ಲ ವರ್ಗಗಳನ್ನೂ ತೆರೆದು ಒಂದೊಂದರಲ್ಲೂ ಅದನ್ನು ಸೇರಿಸಬೇಕು. ಚಿತ್ರದ ಪ್ರೋಗ್ರಾಮುಗಳಲ್ಲಿ ಆಕೃತಿಗಳ ಬಗೆಗಳು ಬೆಳೆಯುವಷ್ಟು ಬೇಗ ಕೆಲಸಗಳ ಬಗೆಗಳು ಬೆಳೆಯುವುದಿಲ್ಲ. ಆದ್ದರಿಂದ ಇಲ್ಲಿ ಈ ವಿನಿಮಯ ಲಾಭದ್ದೇ. ಬೇರೆ ಕ್ಷೇತ್ರಗಳಲ್ಲಿ ಆಗದೆಯೂ ಇರಬಹುದು.

ಹಕ್ಕಿಗಳ ಹಿಂಡು

ವಸ್ತು ತನ್ನನ್ನು ಬರೆದುಕೊಳ್ಳುವುದಷ್ಟೇ ಅಲ್ಲ, ಹೇಗೆ ನಡೆದುಕೊಳ್ಳಬೇಕೆಂದೂ ತಾನೇ ತೀರ್ಮಾನಿಸಿದರೆ ಏನಾಗುತ್ತದೆ ಎಂಬುದನ್ನು ಕ್ರೇಗ್ ರೆನಾಲ್ಡ್ಸ್ 1987ರಲ್ಲಿ ಸಿಗ್‌ಗ್ರಾಫ್ ಎಂಬ ಗ್ರಾಫಿಕ್ಸ್ ಸಮ್ಮೇಳನದಲ್ಲಿ ತೋರಿಸಿದರು. ಹಕ್ಕಿಗಳ ಹಿಂಡು ಹಾರುವ ದೃಶ್ಯ ಬೇಕಿತ್ತು. ಒಂದೊಂದು ಹಕ್ಕಿಯ ದಾರಿಯನ್ನೂ ಕೈಯಾರೆ ಗೀಚುತ್ತ ಕೂತರೆ ಮುಗಿಯುವ ಕೆಲಸವಲ್ಲ. ರೆನಾಲ್ಡ್ಸ್ ಪ್ರತಿ ಹಕ್ಕಿಯನ್ನೂ ಒಂದು ವಸ್ತುವಾಗಿ ಮಾಡಿ ಮೂರು ನಿಯಮ ಕೊಟ್ಟರು: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಪಕ್ಕದವರು ಹೋಗುವ ದಿಕ್ಕು ಮತ್ತು ವೇಗಕ್ಕೆ ಹೊಂದಿಕೊ, ಪಕ್ಕದವರ ನಡುವೆ ಉಳಿಯಲು ನೋಡು. ಹಿಂಡು ಎಂಬುದರ ಬಗ್ಗೆ ಪ್ರೋಗ್ರಾಮಿನಲ್ಲಿ ಒಂದು ಸಾಲೂ ಇರಲಿಲ್ಲ. ಓಡಿಸಿದಾಗ ಹಿಂಡು ತಾನಾಗಿ ಮೂಡಿತು. ಅಡ್ಡ ಬಂದ ಕಂಬವನ್ನು ಎರಡು ಪಾಲಾಗಿ ಬಳಸಿ ಆಚೆ ಮತ್ತೆ ಕೂಡಿಕೊಂಡಿತು. 1992ರ ‘ಬ್ಯಾಟ್‌ಮನ್ ರಿಟರ್ನ್ಸ್’ ಚಿತ್ರದ ಬಾವಲಿಗಳ ಹಿಂಡು ಹಾರಿದ್ದು ಇದೇ ಉಪಾಯದಿಂದ. ವಸ್ತುಗಳನ್ನು ಪರದೆಯ ಮೇಲೆ ಕಣ್ಣಾರೆ ನೋಡುತ್ತ ಕಲಿಯುವುದರ ಬಲ ಇಲ್ಲಿ ಸ್ಪಷ್ಟವಾಗುತ್ತದೆ. ಒಂದು ನಿಯಮದ ಒಂದು ಸಂಖ್ಯೆ ಬದಲಿಸಿ ನೋಡಿದರೆ ಹಿಂಡು ಚೆದುರುತ್ತದೆ ಅಥವಾ ಒಂದೇ ಮುದ್ದೆಯಾಗುತ್ತದೆ. ಬ್ಯಾಂಕ್ ಖಾತೆ ಎಂಬ ವರ್ಗ, ಅದರಲ್ಲಿ ಹಣ ಹಾಕು, ಹಣ ತೆಗೆ ಎಂಬ ಕೆಲಸ ಬರೆಸುವ ಪಠ್ಯಪುಸ್ತಕದ ಅಭ್ಯಾಸದಲ್ಲಿ ತಪ್ಪು ಮಾಡಿದರೆ ಕಾಣುವುದು ಒಂದು ತಪ್ಪು ಸಂಖ್ಯೆ ಮಾತ್ರ. ಆ ಖಾತೆ ಯಾಕೆ ವಸ್ತುವಾಗಿರಬೇಕು ಎಂಬ ಪ್ರಶ್ನೆಗೆ ಅಭ್ಯಾಸದೊಳಗೆ ಉತ್ತರವೂ ಸಿಗುವುದಿಲ್ಲ.

ಎದುರಾಗುವ ಮಾತುಗಳು

ಮೊದಲನೆಯ ಆಕ್ಷೇಪ ಅಧ್ಯಾಪಕರದು. ಅಡಿಪಾಯವಿಲ್ಲದೆ ಮಹಡಿ ಕಟ್ಟಬಾರದು, ರೇಖೆ ಹೇಗೆ ಚುಕ್ಕಿಗಳಾಗುತ್ತದೆ ಎಂಬುದನ್ನೇ ಅರಿಯದವರು ವಸ್ತುಗಳನ್ನು ಆಡಿಸಿ ಏನು ಪ್ರಯೋಜನ ಎನ್ನುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಪಠ್ಯಕ್ರಮದ ಗ್ರಾಫಿಕ್ಸ್ ಪ್ರಯೋಗಾಲಯವೂ ಹೀಗೇ ಸಾಗುತ್ತಿತ್ತು: ಬ್ರೆಸೆನ್‌ಹ್ಯಾಮ್ ವಿಧಾನದಿಂದ ರೇಖೆ ಎಳೆಯುವುದು, ತ್ರಿಕೋನ ತಿರುಗಿಸುವುದು, ಬಣ್ಣದ ಘನ, ಕಿಟಕಿಯಾಚೆಯ ರೇಖೆಗಳನ್ನು ಕತ್ತರಿಸುವುದು. ಬ್ರೆಸೆನ್‌ಹ್ಯಾಮ್ ಅವರ ವಿಧಾನವನ್ನು ನಾನು ಕಡೆಗಣಿಸಲಾರೆ. 1962ರಲ್ಲಿ ಐಬಿಎಂನಲ್ಲಿದ್ದಾಗ ಅವರು ಕಂಡುಕೊಂಡ ಆ ದಾರಿಯಲ್ಲಿ ಭಾಗಾಕಾರವಿಲ್ಲ, ದಶಮಾಂಶವಿಲ್ಲ, ಬರೀ ಪೂರ್ಣಸಂಖ್ಯೆಗಳ ಕೂಡು ಮತ್ತು ಹೋಲಿಕೆಯಿಂದ ಓರೆರೇಖೆಯ ಪ್ರತಿ ಚುಕ್ಕಿಯೂ ಸಿಗುತ್ತದೆ. ಅದನ್ನು ಕಲಿಯಲೇಬೇಕು. ಆದರೆ ಇಂಥ ಒಂದೊಂದು ಪ್ರಯೋಗವೂ ಒಂದು ಆಕೃತಿ ಬರೆದು ನಿಲ್ಲುತ್ತದೆ. ಆಕೃತಿಗಳು ನೂರಾದಾಗ ಅವನ್ನು ಎಲ್ಲಿಡಬೇಕು, ಯಾರು ಆಡಿಸಬೇಕು ಎಂಬ ಪ್ರಶ್ನೆ ವಿದ್ಯಾರ್ಥಿಗೆ ಎದುರಾಗುವುದು ಮಿನಿ ಪ್ರಾಜೆಕ್ಟ್ ಹೊತ್ತಿಗೆ, ಅಲ್ಲಿ ‘ವೃತ್ತವಾದರೆ, ಚೌಕವಾದರೆ’ ಸರಪಳಿ ಮೊಳದುದ್ದ ಬೆಳೆದಿರುತ್ತದೆ. ವಸ್ತುಗಳ ಪಾಠ ಬೇರೊಂದು ವಿಷಯವಾಗಿ, ಬೇರೊಂದು ಸೆಮಿಸ್ಟರ್‌ನಲ್ಲಿ, ಚಿತ್ರವಿಲ್ಲದೆ ಆಗಿಹೋಗಿರುತ್ತದೆ. ಬ್ರೆಸೆನ್‌ಹ್ಯಾಮ್ ವಿಧಾನವನ್ನು ರೇಖೆ ಎಂಬ ವರ್ಗದ ‘ಬರೆದುಕೋ’ ಕೆಲಸದೊಳಗೆ ಇಟ್ಟು ಕಲಿಸಿದರೆ ಎರಡೂ ಪಾಠ ಒಂದರೊಳಗೊಂದು ಕೂರುತ್ತವೆ. ಅಡಿಪಾಯ ಬಿಡಿ ಎಂದು ನಾನು ಹೇಳುತ್ತಿಲ್ಲ, ಅದು ಯಾವ ಮನೆಯದೆಂದು ಮೊದಲೇ ತೋರಿಸಿ ಎನ್ನುತ್ತಿದ್ದೇನೆ.

ಎರಡನೆಯದು ಭಾಷೆಗಳ ಮೇಲಿನ ದೂರು. ಜಾವಾದಲ್ಲಿ ಒಂದು ವೃತ್ತ ಕಾಣಬೇಕಾದರೆ ಮೊದಲು ಅರ್ಥವಾಗದ ಹತ್ತಾರು ಸಾಲು ಬರೆಯಬೇಕು. ಈ ದೂರು ನ್ಯಾಯವಾದದ್ದು, ಪರಿಹಾರವೂ ಹಿಂದೆಯೇ ಬಂದಿದೆ. 2001ರಲ್ಲಿ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿದ್ದ ಕೇಸಿ ರೀಸ್ ಮತ್ತು ಬೆನ್ ಫ್ರೈ ಶುರುಮಾಡಿದ ಪ್ರೊಸೆಸಿಂಗ್ ಎಂಬ ಉಚಿತ ಸಾಧನ ಜಾವಾದ ಮೇಲೆಯೇ ನಿಂತಿದೆ. ಅದರಲ್ಲಿ ಬರೆಯಬೇಕಾದ ಭಾಗ ಎರಡೇ: ಶುರುವಿನಲ್ಲಿ ಒಮ್ಮೆ ನಡೆಯುವ ಸೆಟಪ್, ಆಮೇಲೆ ಸೆಕೆಂಡಿಗೆ 60 ಸಲ ನಡೆಯುವ ಡ್ರಾ. ಅಳಿಸಿ ಬರೆಯುವ ಚಕ್ರ ಅಲ್ಲಿ ಬತ್ತಲೆಯಾಗಿ ಕಣ್ಣೆದುರಿಗಿರುತ್ತದೆ.

ಮೂರನೆಯ ಆಕ್ಷೇಪ ಗೇಮ್ ಕಟ್ಟುವವರದು, ಇವುಗಳಲ್ಲೆಲ್ಲ ಹೆಚ್ಚು ತೂಕದ್ದು. ಲಕ್ಷಗಟ್ಟಲೆ ಕಿಡಿಗಳೋ ಹನಿಗಳೋ ಇರುವ ದೃಶ್ಯದಲ್ಲಿ ಒಂದೊಂದನ್ನೂ ವಸ್ತುವಾಗಿ ಮಾಡಿ ಒಂದೊಂದಕ್ಕೂ ಕರೆ ಕೊಟ್ಟರೆ ಪ್ರೋಗ್ರಾಮು ತೆವಳುತ್ತದೆ. ಪ್ರೊಸೆಸರು ಸ್ಮೃತಿಯಿಂದ ಮಾಹಿತಿಯನ್ನು ಒಂದೊಂದೇ ಸಂಖ್ಯೆಯಾಗಿ ತರುವುದಿಲ್ಲ, ಹೆಚ್ಚಿನ ಕಂಪ್ಯೂಟರುಗಳಲ್ಲಿ 64 ಬೈಟುಗಳ ಗಂಟಾಗಿ ತರುತ್ತದೆ. ಸ್ಥಾನದ ಸಂಖ್ಯೆಗಳು ಮಾತ್ರ ಬೇಕಿರುವಾಗ ವಸ್ತುವಿನ ಬಣ್ಣ, ಹೆಸರು ಎಲ್ಲ ಗಂಟಿನಲ್ಲಿ ಬಂದರೆ ಆ ಸಾಗಣೆ ದಂಡ. ಗ್ರಾಫಿಕ್ಸ್ ಕಾರ್ಡ್ ಅಂತೂ ಒಂದೇ ಲೆಕ್ಕವನ್ನು ಸಾವಿರಾರು ಸಂಖ್ಯೆಗಳ ಮೇಲೆ ಏಕಕಾಲಕ್ಕೆ ಮಾಡಲೆಂದೇ ಕಟ್ಟಿದ್ದು, ಅದಕ್ಕೆ ಬೇಕಿರುವುದು ಸಾಲಾಗಿ ಜೋಡಿಸಿದ ಸಂಖ್ಯೆಗಳು. ಅದಕ್ಕಾಗಿಯೇ ಎಷ್ಟೋ ಗೇಮ್‌ಗಳಲ್ಲಿ ಎಲ್ಲರ ಸ್ಥಾನ ಒಂದು ಸಾಲಿನಲ್ಲಿ, ಎಲ್ಲರ ವೇಗ ಇನ್ನೊಂದು ಸಾಲಿನಲ್ಲಿ ಇರುತ್ತವೆ. ಇದೆಲ್ಲ ನಿಜ. ಆದರೆ ಈ ಜೋಡಣೆ ಬರುವುದು ವೇಗ ಸಾಲದೆ ಹೋದಾಗ, ಎಲ್ಲಿ ಸಾಲದು ಎಂದು ಅಳೆದ ಮೇಲೆ. ಏನು ನೆನಪಿಡಬೇಕು, ಪ್ರತಿ ಸುತ್ತಿನಲ್ಲೂ ಏನು ಬದಲಾಗಬೇಕು, ಯಾರು ಯಾವುದಕ್ಕೆ ಹೊಣೆ ಎಂಬುದು ಗೊತ್ತಿಲ್ಲದವರು ಅದನ್ನು ಸಾಲಾಗಿ ಜೋಡಿಸಲೂ ಆರರು. ಕಲಿಯುವವರ ಚಿತ್ರದಲ್ಲಿ ಇರುವುದು ಐವತ್ತೋ ನೂರೋ ವಸ್ತುಗಳು. ಅಷ್ಟಕ್ಕೆ ಈಗಿನ ಯಾವ ಲ್ಯಾಪ್‌ಟಾಪೂ ಬಳಲುವುದಿಲ್ಲ.

ನಾಲ್ಕನೆಯದನ್ನು ಆಕ್ಷೇಪ ಎನ್ನುವುದಕ್ಕಿಂತ ಎಚ್ಚರಿಕೆ ಎನ್ನಬೇಕು. ವಸ್ತುಗಳ ಪಾಠದಲ್ಲಿ ಬಳುವಳಿಗೆ, ಅಂದರೆ ಇನ್ಹೆರಿಟೆನ್ಸ್‌ಗೆ, ಅತಿಯಾದ ಮರ್ಯಾದೆ ಸಿಕ್ಕಿದೆ. ಗಣಿತದಲ್ಲಿ ಪ್ರತಿ ಚೌಕವೂ ಒಂದು ಆಯತ. ಹಾಗಾಗಿ ಆಯತದ ವರ್ಗದಿಂದ ಚೌಕದ ವರ್ಗವನ್ನು ಹುಟ್ಟಿಸೋಣ ಎಂದು ಯಾರಿಗಾದರೂ ತೋಚುತ್ತದೆ. ಹುಟ್ಟಿಸಿ ಪರದೆಗೆ ತನ್ನಿ, ಅದರ ಬಲ ಅಂಚನ್ನು ಮೌಸ್‌ನಲ್ಲಿ ಹಿಡಿದು ಎಳೆಯಿರಿ. ಆಯತದಿಂದ ಬಂದ ಬಳುವಳಿಯ ಪ್ರಕಾರ ಅಗಲ ಮಾತ್ರ ಹೆಚ್ಚುತ್ತದೆ, ಎತ್ತರ ಹಾಗೇ ಇರುತ್ತದೆ. ಚೌಕ ಚೌಕವಾಗಿ ಉಳಿಯುವುದಿಲ್ಲ. ಎತ್ತರವನ್ನೂ ಜೊತೆಗೆ ಹಿಗ್ಗಿಸಿದರೆ, ಅಗಲ ಮಾತ್ರ ಬದಲಾಗುತ್ತದೆ ಎಂದು ಆಯತವನ್ನು ನಂಬಿದ್ದ ಬೇರೆ ಭಾಗ ಕೆಡುತ್ತದೆ. ವಸ್ತುಗಳ ನಡುವಿನ ನಂಟು ಅವು ಏನಾಗಿವೆ ಎಂಬುದರಿಂದ ಹುಟ್ಟುವುದಿಲ್ಲ, ಅವು ಏನು ಮಾಡಬಲ್ಲವು ಎಂಬುದರಿಂದ ಹುಟ್ಟುತ್ತದೆ. ಕಾಗದದ ಮೇಲೆ ಇದನ್ನು ವಿವರಿಸಲು ಒಂದು ಗಂಟೆ ಬೇಕು. ಪರದೆಯ ಮೇಲೆ ಮೌಸ್ ಎಳೆದ ಕೂಡಲೇ ತಿಳಿಯುತ್ತದೆ. ಆದ್ದರಿಂದ ಮೊದಮೊದಲು ಬಳುವಳಿಯ ಗೊಡವೆಗೇ ಹೋಗದೆ, ಪ್ರತಿ ಆಕೃತಿಯೂ ‘ಬರೆದುಕೋ’, ‘ಸರಿ’, ‘ಒಳಗಿದೆಯೇ’ ಎಂಬ ಮೂರು ಕರೆಗಳಿಗೆ ಉತ್ತರಿಸಲಿ ಎಂಬ ಒಪ್ಪಂದವೊಂದನ್ನು ಮಾತ್ರ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ನೀವು

ಇದನ್ನು ಓದಿದವರು ಪ್ರೊಸೆಸಿಂಗ್ ಇಳಿಸಿಕೊಂಡು ಕೂರಬೇಕೆಂದು ನನ್ನ ಕೋರಿಕೆ. ಮೊದಲು ವರ್ಗವಿಲ್ಲದೆ ಒಂದು ಚೆಂಡನ್ನು ಓಡಿಸಿ, ಗೋಡೆಗೆ ತಾಗಿದರೆ ಹಿಂದಿರುಗುವಂತೆ ಮಾಡಿ. ಅದೇ ರೀತಿಯಲ್ಲಿ ಎರಡನೆಯ ಚೆಂಡು ಸೇರಿಸಿ, ಮೂರನೆಯದು ಸೇರಿಸಿ. ಸ್ಥಾನಗಳ ಹೆಸರುಗಳು ಒಂದಕ್ಕೊಂದು ತೊಡರಿ ಕೈ ಸೋಲುವವರೆಗೂ ಹಾಗೇ ಮುಂದುವರಿಯಿರಿ. ಆಮೇಲೆ ಚೆಂಡು ಎಂಬ ವರ್ಗ ಬರೆದು ನೂರು ಚೆಂಡುಗಳ ಪಟ್ಟಿ ಮಾಡಿ. ಕೊನೆಗೆ ನಿಮಗಿಷ್ಟವಾದ ಬೇರೊಂದು ಆಕೃತಿ, ನಕ್ಷತ್ರವೋ ಮೀನೋ, ಅದೇ ಪಟ್ಟಿಗೆ ಸೇರಿಸಿ. ಆಗ ಡ್ರಾ ಭಾಗದೊಳಗೆ ಒಂದು ಅಕ್ಷರವನ್ನಾದರೂ ತಿದ್ದಬೇಕಾಗಿ ಬಂದರೆ, ವಸ್ತು ಮಾಡಬೇಕಾದ ಯಾವುದೋ ಕೆಲಸ ಇನ್ನೂ ಡ್ರಾದಲ್ಲೇ ಉಳಿದಿದೆ ಎಂದು ಅರ್ಥ. ಅದು ಯಾವುದೆಂದು ಹುಡುಕಿ, ಎತ್ತಿ ವಸ್ತುವಿನೊಳಗಿಡಿ, ಮತ್ತೆ ಓಡಿಸಿ ನೋಡಿ.